ಕೇಳಿದ್ರೆ ನಗ್ತೀಯೇನೋ ಅಕ್ಕಾ

ಕಳೆದ ಆಷಾಢದ ಒಂದು ಸಂಜೆ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಹೊರಗೆ ಜೋರು ಮಳೆ. "ಅಕ್ಕಾ, ಒಂದು ವಿಷಯ ಕೇಳಬೇಕಿತ್ತು. ಕೇಳಿದ್ರೆ ನಗ್ತೀಯೇನೋ" ಎಂದಳು. ನಗಲ್ಲ, ಹೇಳೇ ಎಂದೆ. "ಬಂಕಲ್ಲಿ ಗಾಳಿ ಹಾಕೋ ಹುಡುಗ ಎಷ್ಟು ಹಾಕ್ಲಿ ಮೇಡಂ ಅಂತಾನಲ್ಲ, ಅದಕ್ಕೆ ಏನು ಹೇಳಬೇಕು?"

ಅವಳು ಕಾರು ತಗೊಂಡು ಎರಡು ವರ್ಷ ಆಗಿತ್ತು. ಎರಡು ವರ್ಷವೂ ಆ ಹುಡುಗನಿಗೆ "ನಾರ್ಮಲ್ ಹಾಕಪ್ಪಾ" ಎಂದು ಹೇಳಿಕೊಂಡೇ ಬಂದಿದ್ದಳು. ಅವನು ಎಷ್ಟು ಹಾಕುತ್ತಿದ್ದ, ಇವಳಿಗೆ ಗೊತ್ತಿಲ್ಲ. ಗಂಡನನ್ನು ಕೇಳಲು ಸಂಕೋಚ. ಆಫೀಸಿನಲ್ಲಿ ಕೇಳಿದರೆ "ಕಾರು ಓಡಿಸ್ತೀರ, ಇದೂ ಗೊತ್ತಿಲ್ವಾ" ಎನ್ನುತ್ತಾರೆ ಎಂಬ ಭಯ.

"ಕಾರಿನ ಹತ್ತಿರ ಹೋಗು. ಡ್ರೈವರ್ ಬಾಗಿಲು ತೆಗೆ. ಬಾಗಿಲು ಬಂದು ಕೂರುವ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ನೋಡು" ಎಂದೆ. ಛತ್ರಿ ಬಿಚ್ಚಿದ ಸದ್ದು, ಚಪ್ಪಲಿ ಸದ್ದು, ಬಾಗಿಲು ತೆಗೆದ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದೊಂದೇ ಓದಿದಳು. "ಮುಂದೆ ಮೂವತ್ಮೂರು. ಹಿಂದೆ ಮೂವತ್ಮೂರು. ಜನ ಜಾಸ್ತಿ ಇದ್ರೆ ಹಿಂದೆ ಮೂವತ್ತಾರು. ಅಕ್ಕಾ, ಇದು ಇಲ್ಲೇ ಇತ್ತಲ್ಲೇ!"

ಹೌದು. ಎರಡು ವರ್ಷದಿಂದ ದಿನಾ ಅದರ ಪಕ್ಕದಲ್ಲೇ ಹತ್ತಿ ಇಳಿಯುತ್ತಿದ್ದಳು.

ನನಗೆ ಅವಳ ಮೇಲೆ ಸ್ವಲ್ಪವೂ ನಗು ಬರಲಿಲ್ಲ. ಯಾಕೆಂದರೆ ಆ ಸ್ಟಿಕ್ಕರ್ ಬಗ್ಗೆ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಡ್ರೈವಿಂಗ್ ಸ್ಕೂಲಿನವರು ಕ್ಲಚ್ಚು, ಗೇರು, ರಿವರ್ಸ್ ಕಲಿಸಿ, ಎಂಟು ಹಾಕಿಸಿ, ಲೈಸೆನ್ಸ್ ಕೊಡಿಸಿ ಕೈ ತೊಳೆದುಕೊಳ್ಳುತ್ತಾರೆ. ಶೋರೂಮಿನಲ್ಲಿ ಹಾರ ಹಾಕಿ, ತೆಂಗಿನಕಾಯಿ ಒಡೆಸಿ, ದೊಡ್ಡ ಕೀ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ಕಾರಿನ ಜೊತೆ ಬಂದ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಡ್ಯಾಶ್‌ಬೋರ್ಡ್ ಒಳಗೆ ಕೂತಿರುತ್ತದೆ. ಮುಂದಿನ ಹತ್ತು ಹದಿನೈದು ವರ್ಷ ಆ ಗಾಡಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಯಾರು ಹೇಳಿಕೊಡುತ್ತಾರೆ? ಯಾರೂ ಇಲ್ಲ. ಕೇಳಬೇಕು. ಆದರೆ ಕೇಳಲು ನಾಚಿಕೆ. ನಾನು ನೋಡಿದ ಹಾಗೆ ನಮ್ಮ ಜನ ಕಾರಿನ ಮೇಲೆ ಕಳೆದುಕೊಳ್ಳುವ ದುಡ್ಡಿನಲ್ಲಿ ಬಹುಪಾಲು ಈ ನಾಚಿಕೆಗೇ ಹೋಗುತ್ತದೆ.

ನನ್ನ ದುಡ್ಡೂ ಹಾಗೇ ಹೋಯಿತು. ಅದನ್ನು ಪೂರ್ತಿ ಹೇಳಬೇಕು.

ನಾನಿರುವುದು ಶಿವಮೊಗ್ಗದಲ್ಲಿ. ನನ್ನದು 2012ರಲ್ಲಿ ತಗೊಂಡ ಚಿಕ್ಕ ಪೆಟ್ರೋಲ್ ಕಾರು. 2014ರ ಬೇಸಿಗೆಯಲ್ಲಿ ಉಡುಪಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಮಕ್ಕಳಿಬ್ಬರನ್ನು ಹಿಂದೆ ಕೂರಿಸಿಕೊಂಡು ವಾಪಸ್ ಬರುತ್ತಿದ್ದೆ. ಹೆಬ್ರಿ ದಾಟಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಲು ಶುರು. ಹದಿನಾಲ್ಕು ಹೇರ್‌ಪಿನ್ ತಿರುವಿನ ಘಾಟಿ ಅದು. ಮಧ್ಯಾಹ್ನದ ಬಿಸಿಲು, ಎಸಿ ಆನ್, ಎರಡನೇ ಗೇರು. ನಾಲ್ಕೈದು ತಿರುವು ಆಗಿರಬೇಕು, ಎಸಿಯಿಂದ ತಣ್ಣನೆ ಗಾಳಿ ಬರುವುದು ನಿಂತಿತು. ಸ್ಪೀಡೋಮೀಟರ್ ಪಕ್ಕದಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಚಿಕ್ಕ ಮುಳ್ಳು ಯಾವಾಗಲೂ ಅರ್ಧಕ್ಕಿಂತ ಕೆಳಗೆ ಇರುತ್ತಿದ್ದದ್ದು, ಅವತ್ತು ಮುಕ್ಕಾಲು ದಾಟಿತ್ತು. ಕಣ್ಣಿಗೆ ಬಿತ್ತು. ಅದು ಏನು ಹೇಳುತ್ತಿದೆ ಎಂದು ಮಾತ್ರ ಹೊಳೆಯಲಿಲ್ಲ. ಹಿಂದೆ ಸಾಲಾಗಿ ಗಾಡಿಗಳು. ಘಾಟಿ ಮಧ್ಯೆ ಹೆಂಗಸೊಬ್ಬಳು ಕಾರು ನಿಲ್ಲಿಸಿದರೆ ಏನು ಅಂದುಕೊಳ್ಳುತ್ತಾರೋ ಎಂಬ ಯೋಚನೆಯೇ ಮುಂದಾಯಿತು. ಮೇಲೆ ಹೋಗಿ ನಿಲ್ಲಿಸಿದರಾಯಿತು ಎಂದು ಹತ್ತಿಸುತ್ತಲೇ ಹೋದೆ. ಇನ್ನೆರಡು ತಿರುವು ಇರುವಾಗ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಇಂಜಿನ್ ತಾನಾಗಿಯೇ ನಿಂತಿತು.

ಹಿಂದೆ ಬರುತ್ತಿದ್ದ ಒಂದು ಜೀಪಿನ ಡ್ರೈವರ್ ಇಳಿದು ಓಡಿ ಬಂದರು. ಮೊದಲು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರು. ಆಮೇಲೆ ಅವರು ಹೇಳಿದ ಮೊದಲ ಮಾತು, "ಅಮ್ಮಾ, ಆ ಮುಚ್ಚಳ ಮಾತ್ರ ಮುಟ್ಟಬೇಡಿ." ರೇಡಿಯೇಟರ್ ಒಳಗಿನ ನೀರು ಒತ್ತಡದಲ್ಲಿರುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಅವರು ಮುಂಗೈ ತೋರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆ ಇತ್ತು. ಮುಕ್ಕಾಲು ಗಂಟೆ ರಸ್ತೆ ಬದಿಯ ನೆರಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾದೆವು. ಆ ಮನುಷ್ಯ ತನ್ನ ಕೆಲಸ ಬಿಟ್ಟು ನಮ್ಮ ಜೊತೆಯೇ ನಿಂತಿದ್ದರು. ಅವರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಕಾರನ್ನು ಕಟ್ಟಿ ಎಳೆಸಿಕೊಂಡು ತೀರ್ಥಹಳ್ಳಿಯ ಒಂದು ಗ್ಯಾರೇಜಿಗೆ ತಂದೆವು. ಮೂರು ದಿನ ಬಿಟ್ಟು ಹೋದಾಗ ಮೆಕ್ಯಾನಿಕ್ ಭಾಯಿ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿ ಟೇಬಲ್ ಮೇಲೆ ಇಟ್ಟಿದ್ದರು. ಅಡಿಭಾಗ ಮೇಲೆ ಮಾಡಿ, ಅದರ ಮೇಲೆ ಒಂದು ಉದ್ದನೆಯ ಉಕ್ಕಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, "ಬಗ್ಗಿ ನೋಡಿ ಮೇಡಂ" ಎಂದರು. ಆಚೆ ಕಡೆ ಟಾರ್ಚ್ ಹಿಡಿದಿದ್ದರು. ಎರಡು ತುದಿಯಲ್ಲಿ ಪಟ್ಟಿ ಹೆಡ್ಡಿಗೆ ಅಂಟಿಕೊಂಡಿತ್ತು. ಮಧ್ಯದಲ್ಲಿ ಕೂದಲೆಳೆಯಷ್ಟು ಬೆಳಕು ಈಚೆ ಬರುತ್ತಿತ್ತು. "ಆ ಬೆಳಕು ಕಾಣ್ತಾ ಇದೆಯಲ್ಲ, ಅಷ್ಟೇ ಆಗಿರೋದು. ಅಲ್ಯುಮಿನಿಯಂ ಅಲ್ವಾ, ಜಾಸ್ತಿ ಬಿಸಿಯಾದ್ರೆ ಬಗ್ಗಿಬಿಡತ್ತೆ. ಕೆಳಗಿನ ಬ್ಲಾಕ್ ಕಬ್ಬಿಣ, ಅದು ಅಷ್ಟು ಬಗ್ಗಲ್ಲ. ಎರಡರ ಮಧ್ಯೆ ಇರೋ ಗ್ಯಾಸ್ಕೆಟ್ ಸುಟ್ಟು ಹೋಯ್ತು." ಹೆಡ್ಡನ್ನು ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಎಲ್ಲ ಸೇರಿ ಹದಿನಾರು ಸಾವಿರ ಆಯಿತು. 2014ರ ಹದಿನಾರು ಸಾವಿರ.

ದುಡ್ಡಿಗಿಂತ ಅವರು ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ಅಲ್ಲಾಡಿಸಿತು. "ಮನೇಲಿ ಗಾಡಿ ನಿಲ್ಲಿಸೋ ಜಾಗದಲ್ಲಿ ಹಸಿರು ನೀರು ಬಿದ್ದಿರೋದು ನೋಡಿರಲಿಲ್ವಾ?"

ನೋಡಿದ್ದೆ. ಒಂದು ತಿಂಗಳಿಂದ ನೋಡಿದ್ದೆ. ಪೋರ್ಟಿಕೋದ ಸಿಮೆಂಟ್ ನೆಲದ ಮೇಲೆ, ಕಾರಿನ ಮೂತಿಯ ಕೆಳಗೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹಸಿರು ಕಲೆ. ಎಸಿ ನೀರಿರಬೇಕು ಎಂದುಕೊಂಡು ಬಕೆಟ್ ನೀರು ಹಾಕಿ ತೊಳೆಯುತ್ತಿದ್ದೆ. ಎದುರು ಮನೆಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದ ಹಿರಿಯರಿದ್ದರು. ದಿನಾ ಬೆಳಗ್ಗೆ ಹಾಲು ತರುವಾಗ ಸಿಗುತ್ತಿದ್ದರು. ಒಂದು ಮಾತು ಕೇಳಿದ್ದರೆ ಸಾಕಿತ್ತು. ರೇಡಿಯೇಟರ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಹೊಸ ಕ್ಲಿಪ್ಪಿಗೆ ಆಗ ನಲವತ್ತು ರೂಪಾಯಿ.

ಆದ್ದರಿಂದ ಇದನ್ನು ಓದುವ ಪ್ರತಿಯೊಬ್ಬರಿಗೂ ಒಂದು ಮಾತು. ಎಸಿ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಟ್ಟಿದರೆ ಮಾಮೂಲಿ ನೀರೇ. ಸಾಮಾನ್ಯವಾಗಿ ಅದು ಬೀಳುವುದು ಪಕ್ಕದ ಸೀಟಿನವರ ಕಾಲಿನ ಕೆಳಗಿನ ಜಾಗದಲ್ಲಿ. ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕುವ ದ್ರವ, ಹಸಿರು, ಗುಲಾಬಿ, ನೀಲಿ, ಹೀಗೆ ಏನಾದರೂ ಒಂದು ಬಣ್ಣದ್ದು. ಬೆರಳಲ್ಲಿ ಉಜ್ಜಿದರೆ ಜಾರುತ್ತದೆ. ಸ್ವಲ್ಪ ಸಿಹಿ ವಾಸನೆ. ಆ ಸಿಹಿಗೆ ನಾಯಿ ಬೆಕ್ಕು ನೆಕ್ಕುತ್ತವೆ. ಅದು ಅವಕ್ಕೆ ವಿಷ. ಮನೆಯಲ್ಲಿ ಸಾಕುಪ್ರಾಣಿ ಇದ್ದರೆ ಆ ಕಲೆಯನ್ನು ತಕ್ಷಣ ತೊಳೆಯಿರಿ, ಕಾರನ್ನು ಆವತ್ತೇ ತೋರಿಸಿ. ಕರಿ ಅಥವಾ ಕಂದು ಬಣ್ಣದ ಜಿಡ್ಡಾದರೆ ಇಂಜಿನ್ ಆಯಿಲ್. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದರೆ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಇನ್ನೊಂದನ್ನೂ ಭಾಯಿ ತೋರಿಸಿದರು. ರೇಡಿಯೇಟರ್ ಒಳಗೆಲ್ಲ ಬಿಳಿ ಪೊರೆ ಕಟ್ಟಿತ್ತು. ನಮ್ಮ ಮನೆಯ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುತ್ತದಲ್ಲ, ಅದೇ. ವಾಟರ್ ಸರ್ವೀಸ್‌ನವರು ಪ್ರತಿ ಸಲ ಬೋರ್‌ವೆಲ್ ನೀರು ತುಂಬಿಸಿ ಕಳಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆದರೆ ಗಡಸು ನೀರು ಒಳಗಿನ ಸಣ್ಣ ನಾಳಗಳನ್ನು ಮುಚ್ಚಿಬಿಡುತ್ತದೆ. ಕೂಲೆಂಟಿನ ಜೊತೆ ಬೆರೆಸಬೇಕಾದದ್ದು ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರು.

ಆವತ್ತಿನಿಂದ ನಾನು ಕೇಳಲು ಶುರು ಮಾಡಿದೆ. ಗ್ಯಾರೇಜಿನಲ್ಲಿ, ಬಂಕಿನಲ್ಲಿ, ಟೈರ್ ಅಂಗಡಿಯಲ್ಲಿ, ಎಲ್ಲೆಂದರಲ್ಲಿ. ಮೊದಮೊದಲು ಉತ್ತರ ನನ್ನ ಕಡೆ ನೋಡಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಗಂಡಸು ನಿಂತಿದ್ದರೆ ಅವರಿಗೆ ಹೇಳುತ್ತಿದ್ದರು. ನಮ್ಮ ಮನೆಯವರಿಗೆ ಡ್ರೈವಿಂಗೇ ಬರುವುದಿಲ್ಲ. ಆದರೂ ಅವರಿಗೇ ಹೇಳುತ್ತಿದ್ದರು. ಬೇಜಾರಾಗುತ್ತಿತ್ತು, ಆದರೆ ಬಿಡಲಿಲ್ಲ. ನಾಲ್ಕು ಸಲ ಹೋದ ಮೇಲೆ ಐದನೇ ಸಲ ತಾನಾಗಿಯೇ "ಬನ್ನಿ ಮೇಡಂ, ಇಲ್ನೋಡಿ" ಎಂದು ಕರೆದು ತೋರಿಸಲು ಶುರು ಮಾಡಿದರು. ಕೈಕೆಲಸ ಬಲ್ಲವರಿಗೆ ತಮ್ಮ ಕೆಲಸವನ್ನು ತೋರಿಸುವುದೆಂದರೆ ಖುಷಿ. ಕೇಳುವವರು ನಿಜವಾಗಿ ಕೇಳುತ್ತಿದ್ದಾರೆ ಎಂದು ಗೊತ್ತಾಗಬೇಕು, ಅಷ್ಟೇ.

ಈಗ ನನಗೇ ಫೋನ್ ಬರುತ್ತವೆ. ಬ್ಯಾಂಕಿನ ಸಹೋದ್ಯೋಗಿಗಳು, ತಂಗಿಯರು, ಅತ್ತಿಗೆ, ಮಕ್ಕಳ ಸ್ಕೂಲಿನ ಬೇರೆ ತಾಯಂದಿರು. ನಾನು ಮೆಕ್ಯಾನಿಕ್ ಅಲ್ಲ. ಗೊತ್ತಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂದು ಹೇಳುತ್ತೇನೆ.

ಎಲ್ಲರೂ ಕೇಳುವುದು ಮೈಲೇಜು. ಅದಕ್ಕೆ ನನ್ನ ಉತ್ತರ ಚಿಕ್ಕದು. ಟ್ಯಾಂಕ್ ತುಂಬಿಸಿ, ಪಂಪು ತಾನಾಗಿ ಕಟ್ ಆದಾಗ ನಿಲ್ಲಿಸಿ, ಮೀಟರ್ ಸೊನ್ನೆ ಮಾಡಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಎರಡು ಮೂರು ಸಲ ಮಾಡಿದರೆ ನಿಮ್ಮ ಗಾಡಿಯ ನಿಜವಾದ ಲೆಕ್ಕ ಸಿಗುತ್ತದೆ.

ಈಗೀಗ ಮೈಲೇಜಿನ ಹಿಂದೆಯೇ ಬರುವ ಪ್ರಶ್ನೆ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನದು. ಹಳೇ ಗಾಡಿಗೆ ಹಾಕಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗಾಬರಿ. ನನ್ನದೂ ಹಳೇ ಗಾಡಿಯೇ, ಹಾಗಾಗಿ ಈ ವಿಷಯದಲ್ಲಿ ನನಗೂ ಕಾಳಜಿಯಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಶೇಕಡಾ 20 ಬೆರೆಸಿದರೆ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಹಳೆಯ ಕಾರುಗಳಲ್ಲಿ ಇದು ಶೇಕಡಾ 6ರಿಂದ 7 ಇರಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಏಪ್ರಿಲ್ 2023ರ ನಂತರ ತಯಾರಾದ ಕಾರುಗಳ ಭಾಗಗಳು ಇದಕ್ಕೆ ತಕ್ಕಂತೆ ಬಂದಿವೆ. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಹೋಗುವ ರಬ್ಬರ್ ಪೈಪು, ಸೀಲು, ಇವನ್ನು ಪ್ರತಿ ಸರ್ವೀಸಿನಲ್ಲಿ ನೋಡಿಸಿ. ನನ್ನ ಕಾರಿನಲ್ಲಿ ಪೈಪು ಬಿರುಕು ಬಿಟ್ಟಿತ್ತು, ಬದಲಾಯಿಸಿದೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಆಗಾಗ ಓಡಿಸಿ.

ಪೆಟ್ರೋಲಾ ಡೀಸೆಲ್ಲಾ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುತ್ತೇನೆ, ದಿನಕ್ಕೆ ಎಷ್ಟು ದೂರ ಓಡಿಸ್ತೀರಿ? ನಮ್ಮ ರಸ್ತೆಯಲ್ಲೇ ಒಬ್ಬರು ದೊಡ್ಡ ಡೀಸೆಲ್ ಗಾಡಿ ತಗೊಂಡರು. ಓಡಾಟವೆಲ್ಲ ಮಕ್ಕಳನ್ನು ಸ್ಕೂಲಿಗೆ ಬಿಡುವುದು, ತರಕಾರಿ ತರುವುದು, ಮೂರು ಮೂರು ಕಿಲೋಮೀಟರು. ನಾಲ್ಕು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6, ಅಂದರೆ ಹೊಗೆ ಮಿತಿಯ ಹೊಸ ನಿಯಮದ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಆ ಮಸಿ ಸುಟ್ಟು ಹೋಗಬೇಕಾದರೆ ಫಿಲ್ಟರ್ ಚೆನ್ನಾಗಿ ಕಾಯಬೇಕು. ಅದಕ್ಕೆ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷವಾದರೂ ಓಡಬೇಕು. ಊರೊಳಗಿನ ಮೂರು ಕಿಲೋಮೀಟರಿನಲ್ಲಿ ಅದು ಆಗುವುದಿಲ್ಲ. ಲೈಟ್ ಬಂದ ತಕ್ಷಣ ಭದ್ರಾವತಿ ಕಡೆ ಒಂದು ಸಲ ನಿಧಾನ ಮಾಡದೆ ಹೋಗಿ ಬನ್ನಿ ಎಂದೆ. ಹೋಗಿ ಬಂದರು, ಲೈಟು ಆರಿತು. ಆದರೆ ಪ್ರತಿ ತಿಂಗಳು ಹೀಗೆ ಮಾಡಬೇಕಾದರೆ ಆ ಗಾಡಿ ಅವರಿಗೆ ಸರಿಯಾದದ್ದಾಗಿರಲಿಲ್ಲ. ಕೊಳ್ಳುವ ಮುಂಚೆ ಯಾರಾದರೂ ಅವರನ್ನು ಈ ಒಂದು ಪ್ರಶ್ನೆ ಕೇಳಬೇಕಿತ್ತು.

ಮಳೆಗಾಲದ ಪ್ರಶ್ನೆಗಳೇ ಬೇರೆ. ನಾಲ್ಕು ದಿನ ಮಳೆಯಲ್ಲಿ ನಿಂತ ಕಾರು ಅಲ್ಲಾಡುತ್ತಿಲ್ಲ ಎಂದರೆ ಹ್ಯಾಂಡ್‌ಬ್ರೇಕ್ ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ಸಮತಟ್ಟು ಜಾಗವಾದರೆ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದೇ ವಾಸಿ. ಒಳಗೆ ಗಾಜು ಮಂಜಾದರೆ ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ. ಎಸಿ ಹಾಕಿ, ಹೊರಗಿನ ಗಾಳಿ ಬರುವಂತೆ ಮಾಡಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಇಲಿ ವೈರ್ ಕಡಿಯುವುದಕ್ಕೆ ಜನ ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಡುತ್ತಾರೆ. ನನಗೆ ಕೆಲಸ ಮಾಡಿದ್ದು ಎರಡು ದಿನಕ್ಕೊಮ್ಮೆ ಗಾಡಿ ತೆಗೆಯುವುದು, ರಾತ್ರಿ ಬಾನೆಟ್ ತೆರೆದಿಟ್ಟು ಪೋರ್ಟಿಕೋ ಲೈಟ್ ಹಾಕಿಡುವುದು. ಘಾಟಿಯಲ್ಲಿ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ.

ನೀರು ನಿಂತ ರಸ್ತೆಯ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆಯೆಲ್ಲ ಮುಳುಗಿತ್ತಲ್ಲ, ಆಗ ನನ್ನ ತಮ್ಮ ಅಲ್ಲೇ ಇದ್ದ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅವನ ಕಾರಿನ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು. ನೀರು ಇಳಿದ ಮೇಲೆ ನೋಡೋಣ ಎಂದು ಒಂದೇ ಒಂದು ಸಲ ಸ್ಟಾರ್ಟ್ ಮಾಡಿದ. ಟಕ್ ಎಂದು ಒಂದು ಸದ್ದು ಬಂದು ನಿಂತಿತು. ಇಂಜಿನ್ ಒಳಗೆ ಗಾಳಿ ಹೋಗಬೇಕಾದ ಜಾಗಕ್ಕೆ ನೀರು ಹೋಗಿತ್ತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಬರುವುದಿಲ್ಲ. ಪಿಸ್ಟನ್ ನೀರಿಗೆ ಗುದ್ದಿದಾಗ ಅದರ ಕೆಳಗಿನ ರಾಡೇ ಬಗ್ಗಿಹೋಯಿತು. ಇನ್ಶೂರೆನ್ಸ್ ಇತ್ತು, ಆದರೆ ಇಂಜಿನ್ನಿಗೆ ದುಡ್ಡು ಸಿಗಲಿಲ್ಲ. ಪ್ರವಾಹದಲ್ಲಿ ಹಾಳಾದದ್ದು ಬೇರೆ, ನೀರಿದ್ದೂ ಸ್ಟಾರ್ಟ್ ಮಾಡಿ ಹಾಳಾದದ್ದು ಬೇರೆ ಎಂದರು. ಮಾಮೂಲಿ ಪಾಲಿಸಿಯಲ್ಲಿ ಹಾಗೇ ಇರುತ್ತದೆ. ಅದಕ್ಕೆ ಇಂಜಿನ್ ಪ್ರೊಟೆಕ್ಷನ್ ಎಂದು ಬೇರೆ ಸೇರಿಸಿಕೊಳ್ಳಬೇಕು. ನೀರಿನಲ್ಲಿ ಕಾರು ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಇಳಿಯಿರಿ, ತಳ್ಳಿಸಿ, ಎಳೆಸಿ, ಏನಾದರೂ ಮಾಡಿ. ಕೀ ಮಾತ್ರ ತಿರುಗಿಸಬೇಡಿ.

ಇನ್ಶೂರೆನ್ಸ್ ಎಂದರೆ ನನ್ನ ಪಕ್ಕದ ಕೌಂಟರಿನ ಸಹೋದ್ಯೋಗಿ ನೆನಪಾಗುತ್ತಾರೆ. ಅವರ ಕಾರಿಗೆ ಎರಡನೇ ವರ್ಷ ಹಿಂದಿನಿಂದ ಆಟೋ ಗುದ್ದಿತು. "ಪರವಾಗಿಲ್ಲ, ಮೂರು ವರ್ಷದ ಫುಲ್ ಇನ್ಶೂರೆನ್ಸ್ ಇದೆ" ಎಂದು ನಿಶ್ಚಿಂತೆಯಾಗಿದ್ದರು. ಪಾಲಿಸಿ ಹಾಳೆ ತೆಗೆಸಿ ನೋಡಿದೆವು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಮೂರು ವರ್ಷಕ್ಕೆ ಮಾಡಿಸಲೇಬೇಕು. ಅದು ನಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ. ನಮ್ಮ ಕಾರಿಗೆ ಆದ ನಷ್ಟದ ಭಾಗ ಅವರದು ಒಂದೇ ವರ್ಷಕ್ಕಿತ್ತು, ಮುಗಿದು ಐದು ತಿಂಗಳಾಗಿತ್ತು. ಒಂದೇ ಹಾಳೆಯಲ್ಲಿ ಎರಡು ತಾರೀಖು ಇರುತ್ತವೆ. ಈಗಲೇ ಎದ್ದು ಹೋಗಿ ನಿಮ್ಮದನ್ನು ನೋಡಿ. ಅವರಿಗೆ ಇನ್ನೂ ಒಂದು ನಷ್ಟವಾಗಿತ್ತು. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಶೇಕಡಾ 20, ಹೀಗೆ ಏರುತ್ತಾ ಐದು ವರ್ಷಕ್ಕೆ ಶೇಕಡಾ 50ರವರೆಗೆ ನೋ ಕ್ಲೈಮ್ ಬೋನಸ್, ಅಂದರೆ ನಮ್ಮ ಕಾರಿನ ನಷ್ಟದ ಭಾಗದ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತದೆ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಅದು ಹೋಗುತ್ತದೆ. ಆ ಬೋನಸ್ ಇರುವುದು ಮಾಲೀಕರ ಹೆಸರಿಗೆ, ಕಾರಿಗಲ್ಲ. ಹಳೇ ಕಾರು ಮಾರಿ ಹೊಸದು ತಗೊಳ್ಳುವಾಗ ಪತ್ರ ಬರೆಸಿಕೊಂಡು ಹೊಸ ಕಾರಿಗೆ ತರಬಹುದು. ಇದನ್ನು ಕೇಳದೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಮಾರುವಾಗ ಇನ್ನೊಂದು ಎಚ್ಚರ. ನಮ್ಮ ದೊಡ್ಡಪ್ಪ ಪರಿಚಯದವರಿಗೇ ಕಾರು ಕೊಟ್ಟರು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೀ ಕೊಟ್ಟು ಸುಮ್ಮನಾದರು. ಎರಡು ವರ್ಷದ ಮೇಲೆ ಯಾವುದೋ ಊರಿನ ಅಪಘಾತದ ಕೇಸಿನ ನೋಟಿಸು ಮನೆಗೆ ಬಂತು. ಕೊಂಡವರು ಆರ್‌ಸಿ ವರ್ಗಾವಣೆ ಮಾಡಿಸಿರಲೇ ಇಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಪ್ಪತ್ತೆರಡು ವರ್ಷದ ಮನುಷ್ಯ ವಕೀಲರ ಆಫೀಸಿನ ಬೆಂಚಿನ ಮೇಲೆ ಕೂತಿದ್ದು ನೋಡಿ ನನಗೆ ಸಂಕಟವಾಯಿತು. ವಿಶ್ವಾಸ ಇರಲಿ, ಆದರೆ ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬರುವವರೆಗೆ ಕೇಳುತ್ತಲೇ ಇರಿ.

ಸರ್ವೀಸ್ ಸೆಂಟರಿನಲ್ಲಿ ಕೇಳಬೇಕಾದ ಎರಡು ಮಾತುಗಳನ್ನು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಮಾಮೂಲಿ ಸರ್ವೀಸಿಗೆ ಬಿಟ್ಟರೆ ಕೆಲವು ಕಡೆ ಎಸ್ಟಿಮೇಟಿನಲ್ಲಿ ಇಂಜಿನ್ ಕ್ಲೀನಿಂಗ್, ಎಸಿ ಕ್ಲೀನಿಂಗ್, ಯಾವುದೋ ಕೋಟಿಂಗ್ ಎಂದು ಉದ್ದ ಪಟ್ಟಿ ಬರುತ್ತದೆ. ಜಗಳ ಬೇಡ. ಕಾರಿನ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಏನು ಬದಲಾಯಿಸಬೇಕು ಎಂಬ ಕೋಷ್ಟಕ ಇರುತ್ತದೆ. ಅದನ್ನು ತೆರೆದಿಟ್ಟು "ಇದು ಇದರಲ್ಲಿ ಎಲ್ಲಿದೆ ತೋರಿಸಿ" ಎನ್ನಿ. ಇಲ್ಲದ್ದೂ ಕೆಲವೊಮ್ಮೆ ಬೇಕಾಗಬಹುದು, ಆಗ ಯಾಕೆ ಬೇಕು ಎಂದು ಅವರು ಹೇಳಬೇಕು. ಎರಡನೆಯದು, "ಬಿಚ್ಚಿದ ಹಳೇ ಪಾರ್ಟು ಕೊಡಿ." ಕೆಲಸ ಶುರುವಾಗುವ ಮುಂಚೆಯೇ ಹೇಳಿ. ನಮ್ಮ ತೀರ್ಥಹಳ್ಳಿ ಭಾಯಿ ಕೇಳದೆಯೇ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಡುತ್ತಾರೆ. ಆ ಪೊಟ್ಟಣ ನೋಡಿದರೇ ನನಗೆ ಅವರ ಮೇಲೆ ಗೌರವ ಬರುತ್ತದೆ.

2027ಕ್ಕೆ ನನ್ನ ಕಾರಿಗೆ ಹದಿನೈದು ತುಂಬುತ್ತದೆ. ಆರ್‌ಟಿಒಗೆ ಒಯ್ದು ಫಿಟ್‌ನೆಸ್ ಮಾಡಿಸಿ, ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಇನ್ನು ಯಾಕೆ ಇಟ್ಕೊಂಡಿದ್ದೀರಿ, ಕೊಟ್ಟು ಹೊಸದು ತಗೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಇಂಜಿನ್ ಚೆನ್ನಾಗಿದೆ, ತಳದಲ್ಲಿ ತುಕ್ಕಿಲ್ಲ, ಎಮಿಷನ್ ಟೆಸ್ಟಿನಲ್ಲಿ ಪ್ರತಿ ಸಲ ಪಾಸ್ ಆಗುತ್ತಿದೆ. ಈ ಕಾರಿನ ಒಂದೊಂದು ಸದ್ದೂ ನನಗೆ ಗೊತ್ತು. ಇಟ್ಟುಕೊಳ್ಳುತ್ತೇನೆ. ಮೊನ್ನೆ ಸ್ಟೆಪ್ನಿ ಹೊರತೆಗೆದು ಅದರ ಬದಿಯ ನಾಲ್ಕು ಅಂಕಿ ಓದಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1612 ಎಂದಿತ್ತು, ಅಂದರೆ 2012ರ ಹದಿನಾರನೇ ವಾರದ್ದು. ಟೈರಿನ ಹೂವು, ಅಂದರೆ ಮೇಲಿನ ಗೆರೆಗಳು ಸವೆದಿರಲಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು. ಇಷ್ಟು ವರ್ಷ ಅದನ್ನೇ ನಂಬಿಕೊಂಡು ಘಾಟಿ ಹತ್ತಿಳಿದಿದ್ದೇನೆ. ಮಾರನೇ ದಿನವೇ ಬದಲಾಯಿಸಿದೆ.

ಹೋದ ಭಾನುವಾರ ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಮತ್ತೆ ಚಿಕ್ಕಮ್ಮನ ಮಗಳ ಫೋನ್.

"ಅಕ್ಕಾ, ಕಾರಿನ ಕೆಳಗೆ ನೀರು ಬಿದ್ದಿದೆ."

"ಬಣ್ಣ?"

"ಏನೂ ಇಲ್ಲ. ಮುಟ್ಟಿ ನೋಡ್ದೆ, ಜಾರಲ್ಲ. ವಾಸನೆನೂ ಇಲ್ಲ."

"ಎಲ್ಲಿ ಬಿದ್ದಿದೆ, ಮೂತಿ ಕೆಳಗಾ?"

"ಇಲ್ಲ, ಪಕ್ಕದ ಸೀಟಿನ ಕೆಳಗೆ. ಈಗಷ್ಟೇ ಎಸಿ ಹಾಕ್ಕೊಂಡು ದೇವಸ್ಥಾನದಿಂದ ಬಂದೆ."

"ಎಸಿ ನೀರು ಕಣೇ. ಏನೂ ಆಗಿಲ್ಲ."

"ಅಯ್ಯೋ, ಸುಮ್ನೆ ನಿನಗೆ ತೊಂದ್ರೆ ಕೊಟ್ಟೆ."

"ತೊಂದರೆ ಏನು ಬಂತೇ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಮೂತಿ ಕೆಳಗೆ ಒಂದು ಬಿಳಿ ರಟ್ಟು ಹಾಸಿಡು. ಬೆಳಗ್ಗೆ ಎದ್ದು ಏನಾದರೂ ಕಲೆ ಬಿದ್ದಿದೆಯಾ ನೋಡಿ ಫೋನ್ ಮಾಡು."

ಸೋಮವಾರ ಬೆಳಗ್ಗೆ ಆರೂಮುಕ್ಕಾಲಿಗೆ ಫೋಟೋ ಬಂತು. ರಟ್ಟು ಒಣಗಿತ್ತು, ಮೂಲೆಯಲ್ಲಿ ಬೆಕ್ಕಿನ ಹೆಜ್ಜೆ ಬಿಟ್ಟರೆ ಏನೂ ಇರಲಿಲ್ಲ.